ಹದಿನಾಲ್ಕು ಮಾಮ

ನನ್ನ ಸೋದರಮಾವ ಕಾರುಗಳ ಎಲೆಕ್ಟ್ರಿಷಿಯನ್. ನಲವತ್ತು ವರ್ಷದಿಂದ ಅವರು ಮೀಟರಿನಲ್ಲಿ ಹುಡುಕುವುದು ಎರಡೇ ಅಂಕಿ. ಎಂಜಿನ್ ನಿಂತಿರುವಾಗ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಬೇಕು. ಓಡುವಾಗ ಹದಿನಾಲ್ಕಕ್ಕೆ ಏರಬೇಕು. ಏರದಿದ್ದರೆ ಆಲ್ಟರ್ನೇಟರಿನಿಂದ ಚಾರ್ಜ್ ಬರುತ್ತಿಲ್ಲ, ಗಾಡಿ ಕೂಡಿಟ್ಟದ್ದನ್ನೇ ತಿನ್ನುತ್ತಿದೆ ಎಂದರ್ಥ. "ಹೇಗಿದೀರ?" ಎಂದು ಯಾರು ಕೇಳಿದರೂ ಮಾಮ "ಹದಿನಾಲ್ಕು" ಎನ್ನುತ್ತಾರೆ. ಹಲ್ಲುನೋವಿಗೆ ಕೆನ್ನೆ ಬನ್ನಿನಂತೆ ಊದಿಕೊಂಡಿದ್ದಾಗಲೂ ಹದಿನಾಲ್ಕೇ. ಈ ಹಸಿ ಸುಳ್ಳನ್ನು ನಂಬದವರು ಅತ್ತೆ ಒಬ್ಬರೇ.

ಅತ್ತೆಗೆ ಹೃದಯದ ಆಪರೇಷನ್, ಬೆಳಿಗ್ಗೆ ಹತ್ತಕ್ಕೆ. ಒಳಗೆ ಕರೆದೊಯ್ಯುವ ಮುಂಚೆ ಬಂದೇ ಬರುತ್ತೇನೆಂದು ಮಾಮ ಮಾತು ಕೊಟ್ಟಿದ್ದರು. ನನ್ನ ಕಾರಿನಲ್ಲಿ ಹೊರಟೆವು. ಅರ್ಧ ದಾರಿಯಲ್ಲಿ ಸ್ಟೇರಿಂಗಿನ ಹಿಂದೆ ಕೆಂಪು ಬ್ಯಾಟರಿ ದೀಪ ಹತ್ತಿಕೊಂಡಿತು.

"ನಿಲ್ಲಿಸ್ಲಾ ಮಾಮ?"

"ಬೇಡ ಕಣೇ. ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗತ್ತೋ ಇಲ್ವೋ. ಏಸಿ ಆರಿಸು, ರೇಡಿಯೋ ಆರಿಸು. ಬ್ಯಾಟರಿಲಿ ಇರೋದು ಅಲ್ಲೀತನಕ ಸಾಕು."

ಕೆಟ್ಟ ಗಾಡಿಯ ಬಾನೆಟ್ ತೆರೆಯದೆ ಸುಮ್ಮನೆ ಕೂತ ಮಾಮನನ್ನು ನಾನು ನೋಡಿದ್ದು ಅದೇ ಮೊದಲು. "ಬೆಲ್ಟ್ ಕಿರುಚ್ತಿಲ್ಲ, ವೈರೇ ಇರ್ಬೇಕು" ಎಂದು ಗೊಣಗುತ್ತಿದ್ದರು. ಜೇಬಿನಲ್ಲಿದ್ದ ಮೀಟರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಹತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ತಲುಪಿದೆವು. ಹಸಿರು ಗೌನಿನಲ್ಲಿ ಮಲಗಿದ್ದ ಅತ್ತೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಷ್ಟಿದೆ?"

"ಹನ್ನೆರಡು. ಅದೂ ಇಳೀತಿದೆ," ಎಂದರು ಮಾಮ. ಅವರ ಬಾಯಿಂದ ಬೇರೆ ಅಂಕಿ ನಾನು ಕೇಳಿರಲೇ ಇಲ್ಲ.

ಅತ್ತೆ ಅವರ ಕೈ ಹಿಡಿದುಕೊಂಡರು. ದಾರಿಯಲ್ಲಾದದ್ದನ್ನು ನಾನು ಹೇಳಿದೆ.

"ಹಾಗಾದ್ರೆ ಹೋಗಿ ಅದನ್ನ ನೋಡಿ. ಇಲ್ಲೇ ಕೂತ್ರೆ ಡಾಕ್ಟ್ರ ತಲೆ ತಿಂತೀರ. ನಾನು ಬರೋಷ್ಟ್ರಲ್ಲಿ ಹದಿನಾಲ್ಕು ಆಗಿರ್ಬೇಕು."

ಆಲ್ಟರ್ನೇಟರಿನ ಬೆನ್ನಿಗೆ ಬರುವ ದಪ್ಪ ವೈರಿನ ತುದಿ ಹಸಿರುಗಟ್ಟಿ ಸಡಿಲವಾಗಿತ್ತು. ಹತ್ತು ನಿಮಿಷದ ಕೆಲಸ. ಮಾಮ ಬ್ಯಾಟರಿ ಕಳಚಿ, ತುದಿ ಉಜ್ಜಿ, ನಟ್ಟು ಬಿಗಿದು, ಬ್ಯಾಟರಿಯನ್ನು ಮತ್ತೆ ಸೇರಿಸಿದರು. ಎಂಜಿನ್ ನರಳುತ್ತ ಎದ್ದಿತು. ಮೀಟರು ಹದಿನಾಲ್ಕು ತೋರಿಸಿತು. ಮಾಮ ಆರಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಉಜ್ಜಿದರು. ನಾಲ್ಕು ಗಂಟೆ ಹೊತ್ತು ಅದೊಂದೇ ತುದಿ. ಅವರ ಮೇಲೆ ನನಗೆ ಎಷ್ಟು ಅಕ್ಕರೆ ಉಕ್ಕಿತೆಂದರೆ, ಸಾಕು ಎನ್ನಲು ಬಾಯೇ ಬರಲಿಲ್ಲ.

ಕೊನೆಗೆ ನರ್ಸ್ ಪಾರ್ಕಿಂಗಿಗೇ ಹುಡುಕಿಕೊಂಡು ಬಂದಳು. "ಎಲ್ಲ ಚೆನ್ನಾಗಾಯ್ತು. ಇನ್ನೂ ಎಚ್ಚರ ಆಗಿಲ್ಲ."

"ಎಷ್ಟಿದೆ?" ಎಂದರು ಮಾಮ.

ಆಕೆಗೆ ಏನು ತಿಳಿಯಿತೋ, ಬಿಪಿ ಹೇಳಿದಳು. "ನೂರಿಪ್ಪತ್ತು."

ಮಾಮ ಬಾನೆಟ್ಟಿಗೆ ಒರಗಿ ಮಗುವಿನಂತೆ ಅತ್ತರು. ಆಮೇಲೆ ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು.

"ನೂರಿಪ್ಪತ್ತಂತೆ ಕಣೇ. ನಾನು ಬರೀ ಹದಿನಾಲ್ಕಕ್ಕೇ ಜಂಬ ಕೊಚ್ಕೊಂಡಿದ್ದೆ."