ಹನ್ನೊಂದು ಪುಟದ ದೂತ

ಬಸ್ಸು ಕೆಡಬಹುದಿತ್ತು. ಮಳೆ ಬಂದು ಹಾಳೆ ನೆನೆಯಬಹುದಿತ್ತು. ಗಂಟಲು ಕಟ್ಟಬಹುದಿತ್ತು. ಕನ್ನಡಕ ಮನೆಯಲ್ಲೇ ಉಳಿಯಬಹುದಿತ್ತು. ಅದಕ್ಕೇ ಎರಡು ಇಟ್ಟುಕೊಂಡಿದ್ದೆ. ಎದುರಿನವರು ನನ್ನ ಹಾಳೆಯಲ್ಲಿಲ್ಲದ ಪ್ರಶ್ನೆ ಕೇಳಬಹುದಿತ್ತು. ಅದಕ್ಕೆ ಮಾತ್ರ ಯಾವ ಉಪಾಯವೂ ಹೊಳೆಯಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕಾಪುವಿನಿಂದ ಹೊರಟೆ. ಕಾರ್ಕಳದಲ್ಲಿ ತಾಳಮದ್ದಳೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ. ಶಿರ್ವದ ದಾರಿ ಹತ್ತಿರ. ಆದರೆ ಉಡುಪಿಯಿಂದ ಬಸ್ಸು ಹೆಚ್ಚು, ಒಂದು ಕೆಟ್ಟರೆ ಇನ್ನೊಂದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದಕ್ಕೆ ಕುಳಿತಲ್ಲೇ ಮಾತು ಕಟ್ಟಬೇಕು. "ಕತೆ ಬರೆಯುವವರಿಗೆ ಇದೆಂತ ಕಷ್ಟ ಸಾರ್?" ಎಂದು ಅದನ್ನು ನಡೆಸುವ ಸಂಘದವರು ನನಗೆ ದೂತನ ಪಾತ್ರ ಕೊಟ್ಟಿದ್ದರು. ಒಂದು ವಾಕ್ಯವನ್ನು ನಾಲ್ಕು ಸಲ ಹೊಡೆದುಹಾಕಿ ಬರೆಯುವವನು ನಾನು. ದೂತನ ಮಾತನ್ನೆಲ್ಲ ಹನ್ನೊಂದು ಪುಟ ಬರೆದು ಬಾಯಿಪಾಠ ಮಾಡಿದ್ದೆ.

ಉಡುಪಿಯಲ್ಲಿ ಇಡ್ಲಿ ಮುಂದಿಟ್ಟುಕೊಂಡು ನಾಲ್ಕನೇ ಪುಟ ಒಪ್ಪಿಸಿಕೊಂಡೆ. ಪುಟ ಮುಗಿಯಿತು, ಇಡ್ಲಿ ತಣ್ಣಗಾಯಿತು. ಕಾರ್ಕಳದ ಬಸ್ಸಿಗೆ ಮಣಿಪಾಲದಲ್ಲಿ ಹತ್ತಿದವರೊಬ್ಬರು ನನ್ನ ಪಕ್ಕ ಕುಳಿತರು. ತೊಡೆಯ ಮೇಲಿನ ಚೀಲದಲ್ಲಿ ಉಳಿಗಳು ಸದ್ದು ಮಾಡುತ್ತಿದ್ದವು. ವಿಗ್ರಹ ಕೆತ್ತುವ ಕೆಲಸವಂತೆ.

"ಪರೀಕ್ಷೆಯಾ?" ಎಂದರು. ನನ್ನ ತುಟಿ ಅಲುಗುವುದನ್ನು ಕಂಡಿರಬೇಕು.

ವಿಷಯ ಹೇಳಿದೆ. ನಕ್ಕುಬಿಟ್ಟರು. "ತಾಳಮದ್ದಳೆಗೆ ಬಾಯಿಪಾಠವಾ ಮಾರಾಯ್ರೇ! ಎದುರಿನವರೂ ನಿಮ್ಮದನ್ನೇ ಓದಿ ಬರ್ತಾರಾ?"

"ನಿಮಗೇನು, ಕಲ್ಲು ಎದುರು ಮಾತಾಡುವುದಿಲ್ಲ."

"ಆಡ್ತದೆ. ಒಳಗೆ ಬಿರುಕು ಉಂಟಾದ್ರೆ ಮೂರು ತಿಂಗಳ ಕೆಲಸ ಹೋಯ್ತು. ನಮ್ಮಲ್ಲಿ ಮೂಗು, ಕಿವಿ ಎಲ್ಲದಕ್ಕೂ ಶಾಸ್ತ್ರದ ಅಳತೆ. ನಗು ಮಾತ್ರ ನನ್ನದು. ಅದು ಕೊನೆಗೆ, ಬಂದರೆ ಬರ್ತದೆ." ಕಾರ್ಕಳದಲ್ಲಿ ಇಳಿಯುವಾಗ ಧೈರ್ಯ ಹೇಳಿದರು: "ತಪ್ಪಿದ ಮಾತನ್ನು ನೀವು ತಿದ್ದಬಹುದು. ಮೂಗು ಹಾರಿದ್ರೆ ನನಗೆ ಅಂಟಿಸ್ಲಿಕ್ಕೆ ಆಗುದಿಲ್ಲ."

ನನಗೆ ಹೊಸದಾಗಿ ಮೂಗಿನ ಚಿಂತೆಯೂ ಹತ್ತಿತು.

ರಾಜನಾಗಿ ಎದುರು ಕುಳಿತವರು ಒಬ್ಬ ನಿವೃತ್ತ ಮೇಷ್ಟ್ರು. ಏಳನೇ ಪುಟದವರೆಗೆ ತಡೆಯಿಲ್ಲದೆ ಹೇಳಿದೆ. ಕಣ್ಣು ಮುಚ್ಚಿ ಕೇಳಿದ ಅವರು ಮೆಲ್ಲಗೆ, "ದೂತನೇ, ಇಷ್ಟೂ ನಿನ್ನ ಒಡೆಯ ಕಲಿಸಿದ ಮಾತು. ನಿನ್ನದೆಂಬ ಮಾತೊಂದಿದ್ದರೆ ಆಡು" ಎಂದರು.

ಎಂಟನೇ ಪುಟದಲ್ಲಿ ಅದಿರಲಿಲ್ಲ. ಒಂಬತ್ತರಲ್ಲೂ ಇರಲಿಲ್ಲ. ಭಾಗವತರು ತಾಳ ಹಿಡಿದು ಕಾದರು. ಬಾಯಿ ತೆರೆದೆ. ಏನೋ ಬಂತು, ಅದರ ಹಿಂದೆಯೇ ಇನ್ನೊಂದು ಬಂತು. ಮೇಷ್ಟ್ರು ಕಣ್ಣು ತೆರೆದರು. ಕೊನೆಗೆ ಉತ್ತರಕ್ಕೆ ತಡಕಾಡಿದ್ದು ರಾಜ. ಸಭೆ ಚಪ್ಪಾಳೆ ತಟ್ಟಿತು.

ಮುಗಿದ ಮೇಲೆ ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು. "ಎಲ್ಲಿಂದ ತಂದ್ರಿ ಆ ಮಾತು? ಬರೆದಿಡಿ ಮಾರಾಯ್ರೇ."

ಐದರ ಬಸ್ಸು ಹತ್ತಿದೆ. ಬಸ್ಸು ಕೆಡಲಿಲ್ಲ, ಮಳೆ ಬರಲಿಲ್ಲ, ಎರಡೂ ಕನ್ನಡಕ ಇದ್ದವು. ಹನ್ನೊಂದನೇ ಪುಟವನ್ನು ಮಗುಚಿ, ಖಾಲಿ ಹಿಂಬದಿಯ ಮೇಲೆ ಪೆನ್ನಿಟ್ಟೆ. ಮಣಿಪಾಲ ದಾಟಿತು. ಹನ್ನೊಂದು ಪುಟವೂ ಅಕ್ಷರ ಬಿಡದೆ ನೆನಪಿತ್ತು. ಆ ಮಾತು ಮಾತ್ರ ಒಂದಿಷ್ಟೂ ನೆನಪಾಗಲಿಲ್ಲ.