ಹತ್ತದೆ ಬಿಟ್ಟ ರೈಲಿಗೆ ಪರಿಹಾರ

ಡಾನ್‌ಕಾಸ್ಟರಿನ ಲೆನರ್ಡ್ ಥ್ವೇಟ್ ರೈಲು ಓಡಿಸಿಯೇ ತಲೆ ನರೆತವನು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಕೆಲಸಕ್ಕೆ ಹೋಗಬೇಡಿರೆಂದು ಬಾಗಿಲಲ್ಲಿ ನಿಂತ ಮುಷ್ಕರದವರ ಸಾಲನ್ನು ದಾಟಿ ಒಳಗೆ ಹೋದವನಲ್ಲ. ಅವನ ತಂದೆಯೂ ದಾಟಿರಲಿಲ್ಲ. ೧೯೫೫ರ ಮುಷ್ಕರದಲ್ಲಿ ಆ ಮನೆಯವರು ಒಣ ಬ್ರೆಡ್ಡಿಗೆ ಮಾಂಸದ ಜಿಡ್ಡು ಸವರಿಕೊಂಡು ದಿನ ನೂಕಿದ್ದರು. ಏಳು ವರ್ಷದ ಲೆನರ್ಡ್‌ಗೆ ತನ್ನ ಪಾಲಿನದನ್ನೂ ಕೊಟ್ಟು ಸಾಕಿದವಳು ಅಕ್ಕ ಆಡ್ರಿ. ಸಾಲು ದಾಟಿದವನ ಮನೆಯಲ್ಲಿ ನೀರೂ ಕುಡಿಯಬಾರದೆಂಬುದು ಆ ಕೇರಿಯ ಬರೆಯದ ಶಾಸನ.

ಆ ಶಾಸನವೇ ಅಕ್ಕತಮ್ಮಂದಿರ ನಡುವೆ ಗೋಡೆಯಾಗಿ ನಿಂತಿತು. ೧೯೮೨ನೆಯ ಇಸವಿ ಜುಲೈ ನಾಲ್ಕು, ಭಾನುವಾರ, ಚಾಲಕರ ಮುಷ್ಕರ ಆರಂಭವಾಯಿತು. ಎರಡನೆಯ ವಾರದಲ್ಲಿ, ಡಾರ್ಲಿಂಗ್ಟನ್ನಿನಲ್ಲಿ ಚಾಲಕನಾಗಿದ್ದ ಆಡ್ರಿಯ ಗಂಡ ಕ್ಲಿಫ್ ಸಾಲು ದಾಟಿ ಕೆಲಸಕ್ಕೆ ಹೋದ. ಅವನ ಮಗಳು ಮ್ಯಾರಿಯನ್‌ಗೆ ಆಗ ಕಾಯಿಲೆಯಿತ್ತು ಎಂಬುದು ಲೆನರ್ಡ್‌ಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಆ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಮತ್ತೆ ತುಳಿದದ್ದು ೨೦೦೯ರಲ್ಲಿ, ಕ್ಲಿಫ್‌ನ ಶವಪೆಟ್ಟಿಗೆ ಹೊರಗೆ ಬಂದ ಮೇಲೆ. ಆಡ್ರಿ ಏನೂ ಕೇಳಲಿಲ್ಲ. "ಟೀ ಆರೋಗತ್ತೆ, ಕೂತ್ಕೋ" ಎಂದಳು, ಅಷ್ಟೆ.

೨೦೨೨ರ ಜೂನ್ ತಿಂಗಳಲ್ಲಿ ಆಡ್ರಿ ಹಾಸಿಗೆ ಹಿಡಿದಳು. ವೈದ್ಯರು ಕೈಚೆಲ್ಲಿದ್ದರು. ಸೋಮವಾರ ಫೋನಿನಲ್ಲಿ ಅವಳ ದನಿ ದಾರದಷ್ಟು ಸಣ್ಣದಾಗಿತ್ತು: "ಗುರುವಾರ ಬಾರೋ ಲೆನ್. ನಿನ್ ಹತ್ರ ಒಂದ್ ಮಾತಿದೆ. ತಡ ಮಾಡ್ಬೇಡ."

ಗುರುವಾರವೆಂದರೆ ಜೂನ್ ಇಪ್ಪತ್ತಮೂರು. ಅಂದು ರೈಲು ಮುಷ್ಕರ. ಆದರೂ ಮೇಲಧಿಕಾರಿಗಳನ್ನೇ ಕೆಲಸಕ್ಕಿಳಿಸಿ ಅಲ್ಲೊಂದು ಇಲ್ಲೊಂದು ರೈಲು ಓಡಿಸುತ್ತಿದ್ದರು. ಲೆನರ್ಡ್ ಇಸ್ತ್ರಿ ಮಾಡಿದ ಕೋಟು ತೊಟ್ಟು, ಟಿಕೆಟ್ಟು ಜೇಬಿಗಿಟ್ಟು ನಿಲ್ದಾಣಕ್ಕೆ ಹೋದ. ಬಾಗಿಲ ಬಳಿ ಬಾವುಟ ಹಿಡಿದ ಏಳೆಂಟು ಮಂದಿ ಫ್ಲಾಸ್ಕಿನ ಟೀ ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಡೆನ್ಜಿಲ್ ಎಂಬ ಗಾರ್ಡ್ ಅವನನ್ನು ಬಲ್ಲವನು.

"ಏನ್ ಲೆನ್ನಜ್ಜಾ, ಮುಷ್ಕರಕ್ಕೆ ಬರೋದಾ, ಮದುವೆಗೆ ಬರೋದಾ? ಕೋಟು ನೋಡ್ರಪ್ಪಾ!"

"ಡಾರ್ಲಿಂಗ್ಟನ್‌ಗೆ ಹೋಗ್ಬೇಕಿತ್ತು. ಅಕ್ಕನಿಗೆ ಹುಷಾರಿಲ್ಲ."

ಡೆನ್ಜಿಲ್‌ನ ನಗೆ ಇಳಿಯಿತು. "ಮತ್ಯಾಕ್ ನಿಂತೆ? ರೈಲಿದೆ, ಹೋಗು. ನಾವ್ ಕೆಲಸಕ್ಕೆ ಹೋಗೋರನ್ನ ಬೇಡ ಅಂತೀವಿ, ಪ್ರಯಾಣಿಕರನ್ನಲ್ಲ. ನಿನ್ನನ್ನ ಯಾರಾದ್ರೂ ದ್ರೋಹಿ ಅಂದ್ರೆ ನನ್ನ ಹೆಸರು ಬದಲಾಯಿಸ್ತೀನಿ."

ಅವರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಲೆನರ್ಡ್‌ನ ಕಾಲು ಏಳಲಿಲ್ಲ. ರೈಲು ಬಂದ ಸದ್ದು ಕೇಳಿಸಿತು. ಹೊರಟ ಸದ್ದೂ ಕೇಳಿಸಿತು. ಮನೆಗೆ ಮರಳಿದವನು ಅಕ್ಕನ ಮಗಳು ಮ್ಯಾರಿಯನ್‌ಗೆ ಫೋನು ಮಾಡಿದ. "ರೈಲಿಲ್ಲ ಕಣಮ್ಮಾ. ಮುಷ್ಕರ. ನಾಳೆ ಬೆಳಗ್ಗೆ ಬಂದೇ ಬರ್ತೀನಿ."

ಶುಕ್ರವಾರ ಅವನು ತಲುಪುವ ಹೊತ್ತಿಗೆ ಆಡ್ರಿಯ ಕಣ್ಣು ಮುಚ್ಚಿಸಿ, ಕಿಟಕಿ ತೆರೆದಿಟ್ಟಿದ್ದರು.

ರೈಲು ಕಂಪನಿಯಿಂದ ಪರಿಹಾರ ಕೇಳಬೇಕೆಂದು ಹಟ ಹಿಡಿದವಳು ಮ್ಯಾರಿಯನ್. "ದುಡ್ಡಿಗಲ್ಲ ಮಾಮ. ತಪ್ಪು ಅವರದು ಅಂತ ಅವರ ಬಾಯಲ್ಲೇ ಬರ್ಲಿ. ಅಮ್ಮ ಆ ದಿನ ಪೂರ್ತಿ ಬಾಗಿಲು ನೋಡ್ತಿದ್ಳು." ಲೆನರ್ಡ್ ಅರ್ಜಿ ಹಾಕಿದ. ಹಾಕಿದ ಮೇಲೆ ಒಂದು ವಿಚಿತ್ರ ನಡೆಯಿತು: ತಪ್ಪು ರೈಲಿನವರದೇ ಎಂಬ ಮಾತನ್ನು ಹಗಲೂ ಇರುಳೂ ಹೇಳಿಕೊಂಡು, ಅವನೇ ಅರ್ಧ ನಂಬಿಬಿಟ್ಟ. ಕಂಪನಿಯವರು ಒಂದು ಸಾಲಿನಲ್ಲಿ 'ತಪ್ಪು ನಮ್ಮದು' ಎಂದು ಬರೆದುಬಿಟ್ಟರೆ ಉಳಿದರ್ಧವನ್ನೂ ನಂಬಿ, ನೆಮ್ಮದಿಯಾಗಿ ನಿದ್ದೆಮಾಡಬಹುದಿತ್ತು. ಬಂದದ್ದು ನಿರಾಕರಣೆ.

ಜುಲೈ ಇಪ್ಪತ್ತು, ಬುಧವಾರ, ಮ್ಯಾರಿಯನ್ ಡಾನ್‌ಕಾಸ್ಟರಿಗೇ ಬಂದು ಅವನ ಅಡುಗೆಮನೆಯ ಮೇಜಿನೆದುರು ಕುಳಿತು, ಕಂಪನಿಗೆ ಫೋನು ಹಚ್ಚಿ, ಮಾತು ಇಬ್ಬರಿಗೂ ಕೇಳುವಂತೆ ನಡುವೆ ಇಟ್ಟಳು. ಆ ಕಡೆಯ ಹೆಂಗಸು ಸೌಮ್ಯ ಸ್ವಭಾವದವಳು.

"ಥ್ವೇಟ್ ಅವ್ರೇ, ನಿಮ್ಮ ರೈಲು ಅವತ್ತು ಓಡಿದೆಯಲ್ಲ. ಹೊತ್ತಿಗೆ ಸರಿಯಾಗಿ ಡಾರ್ಲಿಂಗ್ಟನ್ ಸೇರಿದೆ."

ಮ್ಯಾರಿಯನ್ ಹುಬ್ಬು ಗಂಟಿಕ್ಕಿದಳು. "ಸುಳ್ಳು! ರೈಲೇ ಇರ್ಲಿಲ್ಲ. ಹೇಳಿ ಮಾಮ."

ಹೆಂಗಸೇ ಕನಿಕರದಿಂದ ದಾರಿಯೊಂದನ್ನು ತೋರಿಸಿದಳು: "ನಿಲ್ದಾಣದ ಹೊರಗೆ ಮುಷ್ಕರದವರು ನಿಮ್ಮನ್ನ ತಡೆದ್ರಾ? ಹಾಗಿದ್ರೆ ಹೇಳಿ, ಅದನ್ನ ವಿಶೇಷ ಅಂತ ಪರಿಗಣಿಸಬಹುದು."

ಒಂದು 'ಹೌದು' ಸಾಕಿತ್ತು. ಪರಿಹಾರವೂ ಬರುತ್ತಿತ್ತು, ಎದುರಿಗೆ ಕುಳಿತ ಒಬ್ಬಳೇ ಬಂಧುವೂ ಉಳಿಯುತ್ತಿದ್ದಳು. ಆದರೆ ಆ 'ಹೌದು' ಡೆನ್ಜಿಲ್‌ನ ತಲೆಗೆ ಕಟ್ಟುವ ಕಳಂಕ. ಅಕ್ಕನ ಮನೆಗೆ ಅನ್ಯಾಯ ಮಾಡಿದ್ದು ಸಾಲದೆಂದು ಮುಷ್ಕರದವರಿಗೂ ಮಾಡುವುದೇ?

"ಇಲ್ಲಮ್ಮಾ," ಎಂದ. "ತಡೀಲಿಲ್ಲ. ಹೋಗು, ಹೋಗು ಅಂದ್ರು. ದಾರಿ ಬಿಟ್ರು. ನಾನೇ ಹತ್ತಲಿಲ್ಲ."

"ಹಾಗಾದ್ರೆ ಅರ್ಜಿ ವಾಪಸ್ ತಗೊಳ್ತೀರಾ?"

"ತಗೊಳ್ತೀನಿ."

ಮ್ಯಾರಿಯನ್ ಫೋನಿನ ಕರೆ ಮುಗಿಸಿದಳು. ಮೇಜಿನ ಬಟ್ಟೆಯ ಸುಕ್ಕನ್ನು ಬೆರಳಿನಿಂದ ನೇವರಿಸಿದಳು.

"ನಿಂತಿದ್ದೋರೇ ಹೋಗು ಅಂದ್ರು. ಮತ್ತೆ ಯಾರಿಗೋಸ್ಕರ ನಿಂತ್ರಿ ಮಾಮ?"

ತಂದೆಗಾಗಿ ಎನ್ನಬೇಕೆಂದಿತು ಲೆನರ್ಡ್‌ನ ನಾಲಗೆ. ತಂದೆ ತೀರಿ ಐವತ್ತು ವರ್ಷ ಮೀರಿತ್ತು.

"ಅಪ್ಪನ ಮೇಲೆ ಅಷ್ಟು ವರ್ಷ ಹಗೆ ಸಾಧಿಸಿದ್ರಿ. ಅಮ್ಮ ಅದನ್ನೂ ನುಂಗಿಕೊಂಡ್ಳು," ಎನ್ನುತ್ತ ಅವಳು ಎದ್ದು ಕೋಟು ತೊಟ್ಟಳು.

"ಏನೋ ಮಾತಿದೆ ಅಂದಿದ್ಳು," ಎಂದ ಲೆನರ್ಡ್ ಮೆಲ್ಲಗೆ. "ಏನಂತ ನಿನಗೇನಾದ್ರೂ ಹೇಳಿದ್ಳಾ?"

"ನಿಮಗೇ ಹೇಳ್ಬೇಕು ಅಂತ ಇಟ್ಕೊಂಡಿದ್ಳು."

ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವವರೆಗೆ ಲೆನರ್ಡ್ ಬಾಗಿಲಲ್ಲಿ ನಿಂತಿದ್ದ. ಮೇಜಿನ ಮೇಲೆ ಅವಳ ಬಟ್ಟಲಿನ ಟೀ ಮುಟ್ಟದೆ ಹಾಗೆಯೇ ಇತ್ತು.