ಬನಹಟ್ಟಿಯ ಕಾಫಿ ಗಿಡ

ಮುಂಬಯಿ ಸರಕಾರದ ಕಾಲದಲ್ಲಿ ನಾನು ಜಮಖಂಡಿಯ ಸಾಲಿಯಲ್ಲಿ ಗಿಡಗಳ ಪಾಠ ಹೇಳುತ್ತಿದ್ದೆ. ಬನಹಟ್ಟಿಯ ನೇಕಾರನೊಬ್ಬ ನನ್ನನ್ನು ಮನೆಗೆ ಕರೆದೊಯ್ದು, ಮೇಲೆ ಕಟ್ಟಿದ ಹಳೆಯ ಸೀರೆಯ ನೆರಳಲ್ಲಿದ್ದ ಕಾಫಿ ಗಿಡ ತೋರಿಸಿದ. ಘಟ್ಟದ ಕಡೆಯವಳಾದ ಅವನ ಹೆಂಡತಿ ಅದನ್ನು ತವರಿನಿಂದ ತಂದಿದ್ದಳು.

“ದಿನಾ ನೀರು ಹಾಕ್ತೇನ್ರಿ ಮಾಸ್ತರ. ನಾಕು ವರ್ಷ ಆತು, ಒಂದು ಹೂವಿಲ್ಲ.”

ಜೋಡಿ ಜೋಡಿ ಎಲೆಗಳು ಮಿರುಗುತ್ತಿದ್ದವು. ದಟ್ಟ ಕಾಡಿನ ದೊಡ್ಡ ಮರಗಳಡಿ ಬೆಳೆಯುವ ಗಿಡ ಅದು, ನೆರಳೇನೋ ಸರಿಯಿತ್ತು.

“ಬ್ಯಾಸಗ್ಯಾಗ ಸ್ವಲ್ಪ ದಿನ ನೀರು ಹಾಕೋದು ನಿಲ್ಲಸ್ರಿ. ಆಮ್ಯಾಲೆ ಮಳಿ ಹೊಡದಂಗ ಸುರೀರಿ. ಒಣಾ ದಿನ ಕಳದು ಮಳಿ ಬಿದ್ರನ ಇದು ಹೂ ಬಿಡೂದು,” ಅಂದೆ.

“ಒಣಗಿ ಹೋದ್ರ ಆಕಿಗೇನ್ ಹೇಳ್ಲಿರಿ?”

ನನಗೂ ಒಳಗೊಳಗೇ ಅಂಜಿಕೆಯಿತ್ತು.

ಬೇಸಿಗೆಯಲ್ಲಿ ಆತ ಬಸ್ಸು ಹಿಡಿದು ಸಾಲಿಗೇ ಬಂದ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ, ಮಲ್ಲಿಗೆಯಂಥ ಬಿಳಿ ಹೂ ತುಂಬಿದ ಕಾಫಿ ಟೊಂಗೆ.

“ಆಕಿ ಮುಂಜಾನಿಯಿಂದ ಗಿಡದ ಮುಂದಿಂದ ಎದ್ದಿಲ್ರಿ.”

“ಹಣ್ಣಾದ ಮ್ಯಾಲೆ ಕಾಫಿ ಕುಡಿಯಾಕ ಬರ್ತೇನಿ,” ಅಂದೆ.

ಆತ ತಲೆ ಕೆರೆದುಕೊಂಡ. “ನಮ್ಮನ್ಯಾಗ ಎಲ್ಲಾರೂ ಚಾ ಕುಡಿಯೋರ್ರಿ.”